ಬಸರೀಕೊಪ್ಪದ ಕೆರೆಗೆ ಬಂದ ಐದು ಗಾಡಿ

ಒಂದೇ ಪ್ರಶ್ನೆಯನ್ನು ಐದು ಸಲ ಕನ್ನಡಕ್ಕೆ ಮಾಡಿಕೊಟ್ಟವನು ನಾನು. ಅದಕ್ಕೇ ಈ ಸಂಗತಿ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಸ್ವಲ್ಪ ನಾಚಿಕೆಯೂ ಇದೆ.

ಹಾನಗಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದು ಟೈಪಿಂಗ್ ಅಂಗಡಿ. ಹೊಲದ ಉತಾರದ ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಯಾವುದು ಬಂದರೂ ಟೈಪು ಮಾಡಿ ಕೊಡುತ್ತೇನೆ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡಲಾಗುವುದು ಎಂಬ ಬೋರ್ಡೂ ಇದೆ. 2021ರ ಆಗಸ್ಟಿನಲ್ಲಿ ಆ ಬೋರ್ಡು ನೋಡಿ ಬೆಂಗಳೂರಿನ ಒಬ್ಬ ಮೇಡಂ ಒಳಗೆ ಬಂದರು. ಕೆರೆಯ ನೀರು ಪರೀಕ್ಷೆ ಮಾಡುವವರು. ಹಳ್ಳಿಯವರನ್ನು ಕೇಳಬೇಕಾದ ಮೂವತ್ತೆರಡು ಪ್ರಶ್ನೆಗಳ ಹಾಳೆ ತಂದಿದ್ದರು. ಎಂಟು ದಿನ ಬಿಟ್ಟು ಮೀನಿನ ಸಂಶೋಧಕರು ಬಂದರು. ಅವರ ಹಾಳೆಯಲ್ಲಿಯೂ ಮೊದಲ ಪ್ರಶ್ನೆ ಅದೇ: ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ? ಆಮೇಲೆ ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡುವವರು, ಆಮೇಲೆ ಅರ್ಥಶಾಸ್ತ್ರದವರು, ಕೊನೆಗೆ ಸಮಾಜಶಾಸ್ತ್ರದ ತಂಡ. ಐದೂ ಹಾಳೆಗಳ ತಲೆಯ ಮೇಲೆ ಒಂದೇ ಯೋಜನೆಯ ಹೆಸರು. ಅದರಲ್ಲಿ 'ಸಮಗ್ರ' ಎಂಬ ಮಾತು ಎರಡು ಸಲ ಇತ್ತು, 'ಬಹುಶಿಸ್ತೀಯ' ಒಂದು ಸಲ. ಬೇರೆ ಬೇರೆ ಶಾಸ್ತ್ರ ಓದಿದವರು ಕೂಡಿ ಕೂತು ಒಂದು ಸಮಸ್ಯೆ ಬಿಡಿಸುವುದು ಎಂದು ಅದರ ಅರ್ಥವಂತೆ. ಕೂಡಿ ಕೂತಿದ್ದರೆ ಒಂದೇ ಹಾಳೆ ಸಾಕಾಗುತ್ತಿತ್ತಲ್ಲ ಎಂದು ನನಗೆ ಹೊಳೆದಿತ್ತು. ಬಾಯಿ ಬಿಡಲಿಲ್ಲ. ಐದು ಸಲ ಟೈಪು ಮಾಡಿ ಕೊಟ್ಟೆ.

ಅವರು ಅಭ್ಯಾಸ ಮಾಡಲು ಆರಿಸಿಕೊಂಡದ್ದು ಬಸರೀಕೊಪ್ಪದ ಕೆರೆ. ಆಡೂರು ದಾಟಿ ಒಳಗೆ ಹೋಗಬೇಕು. ನಾಲ್ಕೈದು ವರ್ಷಗಳಿಂದ ಆ ಕೆರೆಯಲ್ಲಿ ಮೀನು ಬುಟ್ಟಿಗಟ್ಟಲೆ ಸಾಯುತ್ತಿದ್ದವು. ದನಗಳು ನೀರಿಗೆ ಮೂತಿ ಹಚ್ಚಿ, ಮೂಸಿ, ಹಿಂದೆ ಸರಿಯುತ್ತಿದ್ದವು. ಯಾಕೆ ಎಂದು ಕಂಡುಹಿಡಿಯುವುದು ಯೋಜನೆಯ ಉದ್ದೇಶ. ಆ ಕೆರೆಯ ತೂಬು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವವಳು ಅಡಿವೆವ್ವ. ನಾನು ಹೇಳಹೊರಟದ್ದು ಅವಳ ಸಂಗತಿ.

ಅಡಿವೆವ್ವ ಹುಟ್ಟಿದ್ದು ಹಿರೇಕೆರೂರು ತಾಲೂಕಿನಲ್ಲಿ, ಹಂಸಭಾವಿಯ ಹತ್ತಿರ. ಹದಿನೇಳಕ್ಕೆ ಚೌಡಪ್ಪನನ್ನು ಲಗ್ನವಾಗಿ ಬಸರೀಕೊಪ್ಪಕ್ಕೆ ಬಂದಳು. ಚೌಡಪ್ಪನ ಮನೆತನದವರು ಅಜ್ಜ ಮುತ್ತಜ್ಜನ ಕಾಲದಿಂದ ತೂಬು ಕಾಯುವವರು. ಊರ ಹೊಲಗಳಿಗೆಲ್ಲ ನೀರು ಹಂಚುವವರು ಊರ ಬಾವಿಯ ಹಗ್ಗ ಮಾತ್ರ ಮುಟ್ಟುವ ಹಾಗಿರಲಿಲ್ಲ. ಇದನ್ನು ಅಡಿವೆವ್ವ ಇವತ್ತಿಗೂ ನಗುತ್ತಲೇ ಹೇಳುತ್ತಾಳೆ. ಆ ನಗೆ ಕೇಳಿದವರಿಗೆ ನಗು ಬರುವುದಿಲ್ಲ.

2008ರಲ್ಲಿ ಕಾಮಾಲೆ ಆಗಿ ಚೌಡಪ್ಪ ತೀರಿಕೊಂಡ. ಹೆಣ್ಣುಮಗಳ ಕೈಲಿ ತೂಬು ಆಗುವುದಿಲ್ಲ, ಬೇರೆಯವರನ್ನು ನೋಡೋಣ ಎಂದು ಪಂಚಾಯ್ತಿಯಲ್ಲಿ ಮಾತಾಯಿತು. ಅಡಿವೆವ್ವ ತೂಬು ಎತ್ತುವ ಕಬ್ಬಿಣದ ಸಲಾಕೆಯನ್ನು ಮನೆಗೆ ಹೊತ್ತುಕೊಂಡು ಹೋಗಿ, ಬಾಬಾಸಾಹೇಬರ ಫೋಟೋದ ಕೆಳಗೆ ಗೋಡೆಗೆ ಆನಿಸಿ ಇಟ್ಟಳು. "ಬ್ಯಾರೆಯವ್ರು ಬರೂತನಾ ನಾ ಮಾಡ್ತೇನಿ" ಅಂದಳು. ಬೇರೆಯವರು ಬರಲೇ ಇಲ್ಲ. ಸೊಂಟದ ಮಟ್ಟ ನೀರಿನಲ್ಲಿ ಇಳಿಯುವ ಕೆಲಸಕ್ಕೆ ಯಾರು ಬರುತ್ತಾರೆ?

2019ರ ಆಗಸ್ಟಿನ ಮಳೆ ಈ ಕಡೆಯವರಿಗೆಲ್ಲ ನೆನಪಿದೆ. ಕೆರೆ ತುಂಬಿ ಕೋಡಿ ಬಿದ್ದಿತ್ತು. ಆಗ ಪಂಚಾಯ್ತಿ ಅಧ್ಯಕ್ಷ ಕುಬೇರಪ್ಪ, ಊರಿನ ದೊಡ್ಡ ಜಮೀನಿನವರು. ತೂಬು ಎತ್ತಿದರೆ ಕೆಳಗಿನ ತಮ್ಮ ಭತ್ತ ಮುಳುಗುತ್ತದೆ, ಎತ್ತಬೇಡ ಅಂದರು. ಅಡಿವೆವ್ವ ಏರಿಯ ಬುಡದಲ್ಲಿ ಒಂದು ಕಡೆ ಮಣ್ಣು ಬೆವರುವುದನ್ನು ನೋಡಿದ್ದಳು. ಮಧ್ಯಾಹ್ನ ಎರಡಕ್ಕೆ, ಯಾರ ಮಾತೂ ಕೇಳದೆ, ತೂಬು ಪೂರ್ತಿ ಎತ್ತಿಬಿಟ್ಟಳು. ಭತ್ತ ಮುಳುಗಿತು, ಏರಿ ಉಳಿಯಿತು. ಮರುವಾರ ಪತ್ರಿಕೆಯಲ್ಲಿ ಏರಿಯ ಮೇಲೆ ಕೈ ಕಟ್ಟಿ ನಿಂತ ಕುಬೇರಪ್ಪನವರ ಫೋಟೋ ಬಂತು. 'ಸಮಯಪ್ರಜ್ಞೆ ಮೆರೆದ ಅಧ್ಯಕ್ಷರು' ಎಂದು ಕೆಳಗೆ ಬರೆದಿತ್ತು.

ಇಂಥವಳ ಹತ್ತಿರಕ್ಕೆ ಐದು ತಂಡ ಬಂದವು. ಒಟ್ಟಿಗೆ ಅಲ್ಲ, ಒಂದರ ಹಿಂದೆ ಒಂದು.

ನೀರಿನ ಮೇಡಂ ತೂಬಿನ ಪಕ್ಕ ಒಂದು ಅಳತೆಯ ಯಂತ್ರ ನೆಡಿಸಿದರು. ನೀರು ಎಷ್ಟಿದೆ ಎಂದು ಅದು ತಾನೇ ಬೆಂಗಳೂರಿಗೆ ಸುದ್ದಿ ಕಳಿಸುತ್ತದಂತೆ. ಮೂರನೆಯ ವಾರ ಎಮ್ಮೆ ಅದಕ್ಕೆ ಮೈ ತಿಕ್ಕಿ ಕೆಡವಿತು. ಆಮೇಲೆ ಒಂದೂವರೆ ವರ್ಷ ಅಡಿವೆವ್ವ ಕಲ್ಲಿನ ಮೆಟ್ಟಿಲು ಎಣಿಸಿ, 'ಹನ್ನೊಂದು ಮೆಟ್ಟಲಾ ನೀರೈತ್ರಿ' ಎಂದು ಫೋನಿನಲ್ಲಿ ಹೇಳಿದ್ದೇ ಅವರ ಪಟ್ಟಿಯಲ್ಲಿ ಯಂತ್ರದ ಅಳತೆಯಾಗಿ ಸೇರಿತು. ಮೀನಿನವರು ಮಳೆಗಾಲದಲ್ಲಿ ಬಲೆ ಬೀಸಿ ಹದಿನಾಲ್ಕು ಜಾತಿಯ ಜೀವಂತ ಮೀನು ಎಣಿಸಿಕೊಂಡು ಖುಷಿಯಿಂದ ಹೋದರು. ಸತ್ತ ಮೀನಿನ ಕೆಲಸಕ್ಕೆ ಬಂದವರು ಅವರು. ಅರ್ಥಶಾಸ್ತ್ರದವರು, "ಈ ಕೆರೆ ನಿಮಗೆ ಎಷ್ಟು ರೂಪಾಯಿ ಬಾಳುತ್ತದೆ?" ಎಂದು ಕೇಳಿದರು. ಅಡಿವೆವ್ವ ಅವರ ಮುಖ ನೋಡಿ, "ಯಾಕ್ರಿ, ಕೊಳ್ಳಾಕ ಬಂದೀರೇನು?" ಅಂದಳು. ಅವರು ಆ ಉತ್ತರಕ್ಕೆ ಹಾಳೆಯಲ್ಲಿ ಜಾಗ ಇರಲಿಲ್ಲವೆಂದು 'ಗೊತ್ತಿಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದರು. ನಕ್ಷೆಯವರಂತೂ ಮೊದಲ ವರ್ಷ ಊರಿಗೆ ಕಾಲೇ ಇಡಲಿಲ್ಲ. ಮೇಲಿನಿಂದ ಎಲ್ಲ ಕಾಣುತ್ತದಂತೆ.

ಸಮಾಜಶಾಸ್ತ್ರದ ತಂಡದ ಮುಖ್ಯಸ್ಥರು ಒಂದು ದಿನ ಬಂದು, ಜಾತಿ ವ್ಯವಸ್ಥೆಯ ಬಗ್ಗೆ ಅಡಿವೆವ್ವನಿಗೇ ಅರ್ಧ ತಾಸು ತಿಳಿಸಿ ಹೇಳಿ, ತಮ್ಮ ವಿದ್ಯಾರ್ಥಿನಿಯನ್ನು ಬಿಟ್ಟು ಹೋದರು. ಆ ಹುಡುಗಿ ಅಂಕಿತಾ, ಹಂಸಭಾವಿಯವಳು. ತವರಿನ ಕಡೆಯವಳು ಎಂಬ ಒಂದೇ ಕಾರಣಕ್ಕೆ ಅಡಿವೆವ್ವ ಅವಳಿಗೆ ರೊಟ್ಟಿ ಕೊಟ್ಟು ಕೂಡಿಸಿಕೊಂಡಳು. ನೀರಿನ ಮೇಡಂ ಕಡೆಯಿಂದ ಬಾಟಲಿ ತುಂಬಲು ಬರುತ್ತಿದ್ದ ಅಯಾಜ್ ಸವಣೂರಿನವನು, ಡಿಪ್ಲೊಮಾ ಓದಿ ಪ್ರಯೋಗಾಲಯದ ಕೆಲಸಕ್ಕೆ ಸೇರಿದ್ದ. ಮಾತು ಕಡಿಮೆ. ಇವರಿಬ್ಬರೂ ಒಂದೇ ಯೋಜನೆಯಲ್ಲಿದ್ದು, ಒಂದೇ ಕೆರೆಗೆ ಬರುತ್ತಿದ್ದು, ಒಂದೂವರೆ ವರ್ಷ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ.

2022ರ ಡಿಸೆಂಬರಿನಲ್ಲಿ ಒಂದು ದಿನ ಅಡಿವೆವ್ವ ನನ್ನ ಅಂಗಡಿಗೆ ಬಂದಳು. ಚೀಲದಿಂದ ಐದು ಹಾಳೆಗಳ ಗಂಟು ತೆಗೆದು ಮೇಜಿನ ಮೇಲೆ ಇಟ್ಟಳು. ಪ್ರತಿ ತಂಡದವರೂ ಅವಳಿಗೊಂದು ಪ್ರತಿ ಕೊಟ್ಟು ಹೋಗಿದ್ದರು.

"ಲೋಹಿತಪ್ಪಾ, ಇವನ್ನ ಓದಿ ಹೇಳ್ರಿ. ನನಗ ಒಂದು ಸಂಶೇ ಬಂದೈತಿ."

ಓದಿದೆ. ಎರಡನೆಯ ಹಾಳೆಯ ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅವಳು ಕೈ ಎತ್ತಿದಳು.

"ಇದು ಆಗಲೇ ಆತಲ್ಲ?"

"ಅದು ಬ್ಯಾರೆ ಹಾಳಿ ಅಕ್ಕಾ."

"ಯೋಜನಾ?"

"ಒಂದ."

"ರೊಕ್ಕಾ ಕೊಡಾವ್ರು?"

"ಅವ್ರೂ ಒಬ್ರ."

"ನನ್ನ ಮನ್ಯಾಗ ಎಷ್ಟು ಮಂದಿ ಅಂತ ಐದೂ ಮಂದಿ ಕೇಳ್ಯಾರ. ಒಬ್ರು ಇನ್ನೊಬ್ರನ್ನ ಕೇಳಿದ್ರ ಹೇಳ್ತಿದ್ದಿಲ್ಲೇನು?" ಆಮೇಲೆ ನನ್ನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತು."

ನಾನು ಕೀಬೋರ್ಡಿನ ಧೂಳು ಒರೆಸತೊಡಗಿದೆ.

"ಇರ್ಲಿ. ಈಗೊಂದು ಕೆಲಸ ಮಾಡ್ರಿ. ಐದೂ ಮಂದಿಗೆ ಫೋನ್ ಹಚ್ರಿ. ಅಡಿವೆವ್ವ ನಿಮಗ ಬೇಕಾಗಿದ್ದು ತೋರಿಸ್ತಾಳ, ಬರೂ ಗುರುವಾರ ಎಂಟೂವರಿಗೆ ಏರಿ ಮ್ಯಾಲ ಬರ್ರಿ ಅಂತ ಹೇಳ್ರಿ. ಬ್ಯಾರೆಯವ್ರು ಬರ್ತಾರ ಅಂತ ಮಾತ್ರ ಹೇಳಬ್ಯಾಡ್ರಿ. ಹೇಳಿದ್ರ ಒಬ್ರೂ ಬರೂದಿಲ್ಲ."

ಫೋನ್ ಹಚ್ಚಿದೆ. ಜನವರಿಯಲ್ಲಿ ಎಲ್ಲರಿಗೂ ಎಲ್ಲೋ ಒಂದು ಸಮ್ಮೇಳನ, ಮೂರು ಸಲ ತಾರೀಖು ಬದಲಾಯಿತು. ಕೊನೆಗೆ ಸಂಕ್ರಾಂತಿ ಕಳೆದ ಮೇಲಿನ ಗುರುವಾರ ಎಲ್ಲರೂ ಒಪ್ಪಿದರು.

ಆ ದಿನ ನಾನೂ ಹೋಗಿದ್ದೆ. ಎಂಟೂ ಮುಕ್ಕಾಲಿಗೆ ಮೊದಲ ಗಾಡಿ ಏರಿ ಹತ್ತಿತು. ಅದರ ಬೆನ್ನಿಗೆ ಇನ್ನೊಂದು. ಒಂಬತ್ತೂ ಕಾಲಿನ ಹೊತ್ತಿಗೆ ಐದು ಗಾಡಿ ಸಾಲಾಗಿ ನಿಂತಿದ್ದವು. ಇಡೀ ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರು ನೀರಿನ ಮೇಡಂ ಜೊತೆ ಬಂದಿದ್ದರು. ಇಳಿದವರೆಲ್ಲ ಒಬ್ಬರನ್ನೊಬ್ಬರು ನೋಡಿ ಗಲಿಬಿಲಿಯಾದರು. ಮೀನಿನವರು ನಕ್ಷೆಯವರ ಕೈ ಕುಲುಕಿ, "ಕಂಪ್ಯೂಟರಿನಲ್ಲಿ ನೋಡಿದ್ದೆ ನಿಮ್ಮನ್ನು, ಇಷ್ಟು ಎತ್ತರ ಅಂತ ಗೊತ್ತಿರಲಿಲ್ಲ" ಅಂದರು. ಒಂದೂವರೆ ವರ್ಷದ ಜೊತೆಗಾರಿಕೆಯ ಫಲ ಅದು.

ಪ್ರೊಫೆಸರು ಸಿಟ್ಟಿನಿಂದ, "ಏನಮ್ಮ ಇದು? ಯಾರು ಕರೆದದ್ದು ಇವರನ್ನೆಲ್ಲ?" ಎಂದರು.

"ನಾನ ಕರದೇನ್ರಿ. ಬರ್ರಿ, ಅಡ್ಡಾಡಿಕೋಂತ ಹೋಗೂಣು."

ನಾಲ್ಕು ಕಿಲೋಮೀಟರು. ಕೆರೆಗೆ ನೀರು ತರುವ ಹಳ್ಳದ ದಂಡೆಗುಂಟ ಅಡಿವೆವ್ವ ಮುಂದೆ, ಅವರೆಲ್ಲ ಹಿಂದೆ. ಕೆರೆಯ ಬಾಯಿಯಲ್ಲಿ ನಾಲ್ಕೈದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೀನಿನವರು ನಿಂತರು.

"ನೀವು ಸತ್ತ ಮೀನು ನೋಡೀರೇನ್ರಿ ಈ ಮೊದಲ?" ಅಡಿವೆವ್ವ ಕೇಳಿದಳು.

"ಫೋಟೋ ಕಳಿಸಿದ್ದರು. ರೋಗ ಇರಬಹುದು ಅಂತ ಬರೆದಿದ್ದೇವೆ."

ಅವಳು ಒಂದನ್ನು ಎತ್ತಿ ಕಿವಿರು ಬಿಡಿಸಿ ತೋರಿಸಿದಳು. ಒಳಗೆಲ್ಲ ಕೆಂಪು ಕೆಸರು ಮೆತ್ತಿಕೊಂಡಿತ್ತು.

ನೀರಿನ ಮೇಡಂ, "ಆದರೆ ನಮ್ಮ ಎಲ್ಲ ಪರೀಕ್ಷೆಯಲ್ಲಿಯೂ ನೀರು ಚೆನ್ನಾಗಿಯೇ ಬಂದಿದೆ" ಅಂದರು.

"ಯಾವ ಯಾವ ತಿಂಗಳದಾಗ ತುಂಬಿಕೊಂಡು ಹೋದ್ರಿ?"

"ಆಗಸ್ಟ್, ಸೆಪ್ಟೆಂಬರ್, ಮೇ."

"ಮೀನು ಸಾಯೂದು ಸಂಕ್ರಾಂತಿ ಆಜುಬಾಜು. ಮೀನಿನ ಸರ್‌ಗೆ ಗೊತ್ತಿತ್ತಲ್ರಿ ಇದು?"

ಮೀನಿನವರು ಹೌದೆಂದು ತಲೆಯಾಡಿಸಿದರು. ಮೇಡಂ ಅವರನ್ನು ನೋಡಿದರು.

"ನೀವಿಬ್ರೂ ಒಂದು ದಿನ ಕೂಡಿ ಚಾ ಕುಡಿದಿದ್ರ ಮೊದಲನೇ ವರ್ಷನ ಗೊತ್ತಾಗತಿತ್ತು" ಎಂದಳು ಅಡಿವೆವ್ವ, ಮತ್ತೆ ನಡೆದಳು.

ಡಾಂಬರು ರಸ್ತೆ ಹಳ್ಳಕ್ಕೆ ಅಡ್ಡ ಬರುವಲ್ಲಿ ನಕ್ಷೆಯವರು ನಿಂತು ತಮ್ಮ ಟ್ಯಾಬ್ ನೋಡಿಕೊಂಡರು. "ಇಲ್ಲಿ ಗುಡ್ಡದ ಕಡೆಯಿಂದ ಒಂದು ಹಸಿರು ಗೆರೆ ಬರುತ್ತಿತ್ತು. 2016ರ ಚಿತ್ರದಲ್ಲಿದೆ, 2017ರಲ್ಲಿ ಇಲ್ಲ. ಮರ ಕಡಿದಿದ್ದಾರೆ ಅಂತ ಬರೆದಿದ್ದೇನೆ."

"ಮರ ಅಲ್ರಿ ಅದು, ಗುಡ್ಡದ ಹಳ್ಳ. ಒಳ್ಳೇ ನೀರು ಬರೂ ಹಳ್ಳ. ರಸ್ತಾ ಅಗಲ ಮಾಡೂ ಮುಂದ ಮುಚ್ಚಿಬಿಟ್ರು. ನೀವು ನಿಂತಿರಲ್ಲ, ನಿಮ್ಮ ಬೂಟಿನ ಕೆಳಗ ಐತಿ."

ನಕ್ಷೆಯವರು ಎರಡು ಹೆಜ್ಜೆ ಹಿಂದೆ ಸರಿದರು, ಹಳ್ಳಕ್ಕೆ ನೋವಾದೀತು ಎನ್ನುವ ಹಾಗೆ.

ಗುಡ್ಡದ ಹಳ್ಳ ಹೋದ ಮೇಲೆ ಚಳಿಗಾಲದಲ್ಲಿ ಕೆರೆಗೆ ಬರುವುದು ಹೊಲಗಳ ಕಡೆಯ ಈ ಒಂದೇ ಹಳ್ಳ. ದಾರಿಯ ಎರಡೂ ಬದಿ ಶುಂಠಿ ಕಿತ್ತ ಹೊಲಗಳು ಇದ್ದವು. ಅರ್ಥಶಾಸ್ತ್ರದವರು ತಾವಾಗಿಯೇ ಬಾಯಿಬಿಟ್ಟರು: "ಈ ಭಾಗದಲ್ಲಿ ಏಳು ವರ್ಷದಲ್ಲಿ ಶುಂಠಿ ಆರು ಪಟ್ಟು ಹೆಚ್ಚಾಗಿದೆ."

"ಅದನ್ನ ಇವ್ರಿಗೆಲ್ಲ ಹೇಳಿದ್ರೇನು?"

"ಅದು ವರದಿಯಲ್ಲಿ ಬೇರೆ ಅಧ್ಯಾಯ."

ಅಂಕಿತಾ ಹಿಂದಿನಿಂದ ಮೆಲ್ಲಗೆ ಹೇಳಿದಳು: "ಸರ್, ಜನವರಿ ಫೆಬ್ರುವರಿಯೊಳಗ ಇಲ್ಲಿ ಹೆಣ್ಣುಮಕ್ಕಳ ಕೈ ಚರ್ಮ ಸುಲೀತೈತಿ. ಶುಂಠಿ ತೊಳಿಯೂ ಕೆಲಸಕ್ಕ ಹೋಗ್ತಾರ. ನಾನು ಕಳೆದ ವರ್ಷನ ಬರದು ಕೊಟ್ಟಿದ್ದೆ." ಅವಳ ಮುಖ್ಯಸ್ಥರು ನೆನಪು ಮಾಡಿಕೊಳ್ಳುವವರ ಹಾಗೆ ಆಕಾಶ ನೋಡಿದರು.

ನಾಲ್ಕನೆಯ ಕಿಲೋಮೀಟರಿನಲ್ಲಿ ಶುಂಠಿ ತೊಳೆಯುವ ಕಣ ಬಂತು. ಕುಬೇರಪ್ಪನವರದು. ದೊಡ್ಡ ಪಂಪಿನ ಪೈಪು ಹಿಡಿದು ಇಬ್ಬರು ರಾಶಿಗೆ ನೀರು ಬಿಡುತ್ತಿದ್ದರು. ಮೊಣಕಾಲಿನವರೆಗೆ ಕೆಂಪು ನೀರಿನಲ್ಲಿ ನಿಂತು ಹದಿನೈದು ಹೆಂಗಸರು ಶುಂಠಿ ತಿಕ್ಕುತ್ತಿದ್ದರು. ವರ್ಷವಿಡೀ ಬುಡಕ್ಕೆ ಸುರಿದ ಔಷಧಿ, ಮೇಲೆ ಹೊಡೆದ ಕ್ರಿಮಿನಾಶಕದ ಎಣ್ಣೆ ಎಲ್ಲ ಮಣ್ಣಿನ ಜೊತೆ ತೊಳೆದು ನೇರ ಹಳ್ಳಕ್ಕೆ ಇಳಿಯುತ್ತಿತ್ತು. ಆ ಹೆಂಗಸರಲ್ಲಿ ಅಡಿವೆವ್ವನ ಸೊಸೆ ಹೇಮಾ ಕೂಡ ಇದ್ದಳು. ಅತ್ತೆಯನ್ನೂ ಅವಳ ಹಿಂದಿನ ದಂಡನ್ನೂ ನೋಡಿ ಕೈಯಲ್ಲಿದ್ದ ಶುಂಠಿ ಬಿಟ್ಟಳು.

ಕುಬೇರಪ್ಪ ಬಂದರು. "ಏನ ಅಡಿವೆವ್ವ, ಮೆರವಣಿಗಿ ತಂದೀಯಲ್ಲ?"

"ಮೀನು ಯಾಕ ಸಾಯ್ತಾವು ಅಂತ ಇವ್ರಿಗೆ ತಿಳೀಬೇಕಾಗಿತ್ರಿ ಸಾವಕಾರ್ರ. ತೋರಸಾಕ ಕರಕೊಂಡು ಬಂದೆ."

ನಾನು ಪ್ರೊಫೆಸರ ಮುಖ ನೋಡಿದೆ. ಈಗ ಮಾತಾಡುತ್ತಾರೆ ಅಂದುಕೊಂಡೆ. ಮಾತಾಡಿದರು. "ನಾವು ಯಾರ ಮೇಲೂ ಆರೋಪ ಮಾಡುವವರಲ್ಲ. ಬರೀ ಅಧ್ಯಯನ. ಇನ್ನೂ ಹೆಚ್ಚಿನ ಮಾಹಿತಿ ಬೇಕು" ಅಂದರು. ಕುಬೇರಪ್ಪನವರ ಮುಖ ಸಡಿಲಾಯಿತು. ಎಳನೀರು ತರಿಸಿದರು. ಐದು ಶಾಸ್ತ್ರಗಳೂ ಒಂದೇ ಬೇವಿನ ಮರದ ನೆರಳಲ್ಲಿ ಕೂತು ಎಳನೀರು ಕುಡಿದವು. ಕೂಡಿ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಅಯಾಜ್ ಕುಡಿಯಲಿಲ್ಲ. ಹಳ್ಳಕ್ಕೆ ಇಳಿದು ಬಾಟಲಿ ತುಂಬತೊಡಗಿದ.

"ಏನ ತಮ್ಮಾ ಅದು?" ಕುಬೇರಪ್ಪ ಕೇಳಿದರು.

"ನೀರ್ರಿ."

"ನೀರು ಅಂತ ಕಾಣತೈತಿ. ಯಾಕ ಅಂದೆ."

"ಕೆಲಸ್ರಿ ನಂದು."

ಅವನು ಬೂಚು ಬಿಗಿದು, ಮೇಲೆ ತಾರೀಖು ಬರೆದು, ಚೀಲಕ್ಕೆ ಹಾಕಿಕೊಂಡ. ಎರಡನೆಯ ಬಾಟಲಿಯನ್ನು ಅಂಕಿತಾ ಹಿಡಿದು ಕೊಟ್ಟಳು.

ಮರುದಿನ ಪ್ರೊಫೆಸರು ನನಗೆ ಫೋನು ಮಾಡಿ, ನಿಮ್ಮಂಥವರಿಂದ ವಿಶ್ವಾಸಕ್ಕೆ ಧಕ್ಕೆ ಬರುತ್ತದೆ, ಇನ್ನು ನಿಮ್ಮಲ್ಲಿ ಟೈಪು ಮಾಡಿಸುವುದಿಲ್ಲ ಎಂದರು. ತಂಡಗಳು ಬೆಂಗಳೂರಿಗೆ ಹೋಗಿ, ಒಂದು ಸಮನ್ವಯ ಸಮಿತಿ ಮಾಡಿಕೊಂಡವಂತೆ. ಅದರ ಮೊದಲ ಸಭೆ ಏಪ್ರಿಲಿನಲ್ಲಿ. ಶುಂಠಿ ತೊಳೆಯುವುದು ಮಾರ್ಚಿಗೇ ಮುಗಿಯುತ್ತದೆ.

ಉಳಿದವರು ಅಂಕಿತಾ ಮತ್ತು ಅಯಾಜ್. ಹಿರಿಯರಿಗೆ ಹೇಳಿಯೂ ಹೇಳದ ಹಾಗೆ ಐದು ವಾರ ಬಸರೀಕೊಪ್ಪಕ್ಕೆ ಬಂದರು. ಎಲ್ಲಿ ನೀರು ತುಂಬಬೇಕು ಎಂದು ಅಡಿವೆವ್ವ ಏಳು ಜಾಗ ತೋರಿಸಿದಳು. ಅಯಾಜ್ ತನ್ನ ರೂಢಿಯ ಹಾಗೆ ನಡುಮಧ್ಯಾಹ್ನ ತುಂಬಲು ಹೊರಟರೆ ತಡೆದಳು. "ಪಂಪ್ ಏಳಕ್ಕ ಶುರು. ಕೆಂಪು ನೀರು ಕೆರಿಗೆ ಮುಟ್ಟೂದು ಹತ್ತೂವರಿಗೆ. ಅದಕ್ಕೂ ಮುಂಚೆ ಒಂದು, ಆಮ್ಯಾಲ ಒಂದು ತುಂಬು. ಆಗ ಫರಕು ಗೊತ್ತಾಗತೈತಿ." ಅವನು ಹಾಗೇ ಮಾಡಿದ.

ಅವರಿಬ್ಬರ ನಡುವೆ ಜಗಳವೂ ಕಡಿಮೆ ಆಗಲಿಲ್ಲ. "ಹೆಂಗಸರ ಕೈ ಸುಲಿದದ್ದನ್ನ ನನ್ನ ಪಟ್ಟಿಯೊಳಗ ಎಲ್ಲಿ ಬರೀಲಿ? ಅದಕ್ಕ ಅಳತಿ ಇಲ್ಲ" ಎಂದು ಅಯಾಜ್. "ನೀರಾಗ ಏನೈತಿ ಅಂತ ಅಷ್ಟ ಬರದ್ರ, ಆ ನೀರಾಗ ಯಾರು ನಿಂತಾರ ಅಂತ ಯಾರು ಬರೀಬೇಕು?" ಎಂದು ಅಂಕಿತಾ. ಒಂದು ದಿನ ಏರಿಯ ಮೇಲೆಯೇ ದನಿ ಏರಿತು. ಅಡಿವೆವ್ವ ಬೇಸತ್ತು ಹೇಳಿದಳು: "ಒಂದು ದಿನದ್ದು ಒಂದು ಪುಟದಾಗ ಬರೀರಿ. ನೀರಿಂದು, ಮೀನಿಂದು, ಕೈಯಿಂದು, ಎಲ್ಲಾ. ದಿನಾ ಒಂದ ಅಲ್ಲೇನು?"

ಹಾಗೆ ಒಂದು ನೋಟುಬುಕ್ಕು ಆಯಿತು. ಇಂಥ ದಿನ ಎಷ್ಟು ಚೀಲ ಶುಂಠಿ ತೊಳೆದರು, ಯಾವ ಔಷಧಿ ಹಾಕಿದ ಹೊಲದ್ದು, ಹತ್ತೂವರೆಯ ನೀರಿನಲ್ಲಿ ಮಣ್ಣು ಎಷ್ಟು, ತಾಮ್ರ ಎಷ್ಟು, ಎಷ್ಟು ಮೀನು ಸತ್ತವು, ಯಾರ ಕೈ ಹೇಗಿತ್ತು. ತಾಮ್ರದ ಅಂಶ ಬೇರೆ ದಿನಕ್ಕಿಂತ ತೊಳೆಯುವ ದಿನ ಹಲವು ಪಟ್ಟು ಹೆಚ್ಚು ಎಂದು ಧಾರವಾಡದ ಪ್ರಯೋಗಾಲಯದಿಂದ ಬಂತು. ಶುಂಠಿಯ ಕೊಳೆರೋಗಕ್ಕೆ ಸುರಿಯುವ ಔಷಧಿಯದು ಅದು. ಒಂದೂವರೆ ವರ್ಷ ಐದು ತಂಡಗಳಿಗೆ ಸಿಗದ್ದು ಆ ಮೂವತ್ತು ಪುಟಗಳಲ್ಲಿ ಇತ್ತು. ಆ ಮೂವತ್ತೂ ಪುಟವನ್ನು ನಾನೇ ಟೈಪು ಮಾಡಿದೆ. ಅರ್ಜಿ ಹಚ್ಚಿ ತಾಲೂಕಿಗೂ ಜಿಲ್ಲೆಗೂ ಕಳಿಸಿದೆವು.

ಅಧಿಕಾರಿಗಳು ಬಂದು ಕಣ ನಿಲ್ಲಿಸಿದರು. ಅಲ್ಲಿಗೆ ಕತೆ ಮುಗಿದಿದ್ದರೆ ಚಂದವಿತ್ತು. ಹದಿನೈದು ಹೆಂಗಸರ ದಿನಗೂಲಿ ನಿಂತಿತು. ನಳದ ಹತ್ತಿರ ಅಡಿವೆವ್ವ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ದೂರ ಸರಿದರು. "ಮೀನಿನ ಮ್ಯಾಲ ಕರುಣಾ ಬಂತು, ನಮ್ಮ ಹೊಟ್ಟಿ ಮ್ಯಾಲ ಬರಲಿಲ್ಲ" ಎಂದು ಅವಳಿಗೆ ಕೇಳುವ ಹಾಗೆ ಹೇಳಿದರು. ಹೇಮಾ ಅದೇ ಮನೆಯಲ್ಲಿ ಬೇರೆ ಒಲೆ ಹೂಡಿದಳು. ಒಂದು ತಿಂಗಳು ಅತ್ತೆಯ ಜೊತೆ ಮಾತಿಲ್ಲ. ಬೆಂಗಳೂರಿನವರನ್ನು ಆಡಿಕೊಂಡು ನಗುತ್ತಿದ್ದ ಅಡಿವೆವ್ವ ಆ ತಿಂಗಳು ನಗಲಿಲ್ಲ. ಒಂದು ಮುಂಜಾನೆ ಅವಳು ಹೇಮಾಳ ಒಲೆಯ ಮುಂದೆ ಹೋಗಿ ಕೂತು, ಅವಳ ಅಂಗೈ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದಳು. "ನಿನ್ನ ಕೇಳದ ಮಾಡಿದ್ದು ತಪ್ಪಾತು" ಅಂದಳು. ಹೇಮಾ, "ಕೇಳಿದ್ರ ನಾ ಬ್ಯಾಡ ಅಂತಿದ್ದೆ" ಅಂದಳು. ಇದನ್ನು ನನಗೆ ಹೇಳಿದ್ದು ಹೇಮಾ.

ಆಮೇಲೆ ಹೇಮಾಳೇ ಮುಂದಾಗಿ ಹೆಂಗಸರನ್ನು ಕೂಡಿಸಿಕೊಂಡು ಪಂಚಾಯ್ತಿಗೆ ಹೋದಳು. ಕಣ ಬಂದ್ ಆಗುವುದು ಬೇಡ, ಹಳ್ಳದಿಂದ ದೂರ ಆಗಲಿ, ತೊಳೆದ ನೀರು ಇಂಗಲು ಹೊಂಡ ಆಗಲಿ, ಕೈಗೆ ಗವಸು ಕಾಲಿಗೆ ಬೂಟು ಕೊಡಲಿ ಎಂದು ಕೇಳಿದರು. ಕುಬೇರಪ್ಪ ಕೂಗಾಡಿ, ಕೊನೆಗೆ ಒಪ್ಪಿದರು. ಮೂರು ಹೊಂಡ ಆದವು. ಬೂಟು ಬಂದವು. ಕೈಗವಸು ಮುಂದಿನ ಸುಗ್ಗಿಯ ಮೊದಲ ತಿಂಗಳು ಇದ್ದವು, ಎರಡನೆಯ ತಿಂಗಳು ಹರಿದವು, ಮೂರನೆಯ ತಿಂಗಳು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ.

2023ರ ಜೂನಿನಲ್ಲಿ ಹಾನಗಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ಯೋಜನೆಯ ಸಮಾರೋಪ ಆಯಿತು. ಪ್ರೊಫೆಸರು ಪರದೆಯ ಮೇಲೆ ಒಂದರ ಮೇಲೊಂದು ಬಿದ್ದ ಐದು ಬಣ್ಣದ ಚಕ್ರ ತೋರಿಸಿ, ನಡುವಿನ ಚೂರು ಜಾಗದ ಮೇಲೆ ಕೆಂಪು ಬೆಳಕು ಬಿಟ್ಟು, "ಇಲ್ಲಿ ಸಿಕ್ಕಿತು ನಮಗೆ ಉತ್ತರ" ಅಂದರು. ಶುಂಠಿ ಕಣದ ಹೆಸರು ಬರಲಿಲ್ಲ, 'ಸ್ಥಳೀಯ ಕೃಷಿ ಚಟುವಟಿಕೆ' ಎಂದಿತ್ತು. ಅಂಕಿತಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅಯಾಜ್ ಬಾಗಿಲಲ್ಲಿ ಬಂದವರಿಗೆ ಚೀಲ ಹಂಚುತ್ತಿದ್ದ. ಅಡಿವೆವ್ವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಸ್ಥಳೀಯ ಜ್ಞಾನದ ಪ್ರತಿನಿಧಿ ಎಂದು ಪರಿಚಯಿಸಿದರು. ಅವಳು ಮೆಟ್ಟಿಲ ಹತ್ತಿರ ನಿಂತಿದ್ದ ನನ್ನ ಕಡೆ ಬಗ್ಗಿ, "ಹಂಗಂದ್ರ ಏನು?" ಎಂದಳು.

"ಊರಾಗ ಇರಾಕಿ ಅಂತ."

"ಅದು ನನಗ ಗೊತ್ತಿತ್ತು" ಅಂದಳು. ಮೈಕ್ ಅದನ್ನೂ ಹಿಡಿಯಿತು, ಮಂಟಪಕ್ಕೆಲ್ಲ ಕೇಳಿತು.

ಆಮೇಲೆ ಅವಳು ನೇರ ಮೈಕಿಗೇ ಹೇಳಿದಳು: "ನೀರು ತುಂಬಿದಾವ ಬಾಗಲದಾಗ ನಿಂತಾನ. ಬರದಾಕಿ ಹಿಂದ ಕುಂತಾಳ. ಅವ್ರನ್ನ ಮ್ಯಾಲ ಕರೀರಿ. ಐದು ಮಂದಿ ಮಾಡಲಾರದ್ದನ್ನ ಇಬ್ರು ಮಾಡ್ಯಾರ, ಅದೂ ದಿನಾ ಜಗಳಾ ಆಡಿಕೋಂತ." ಪ್ರೊಫೆಸರು ಗಡಿಯಾರ ನೋಡಿ, ಸಮಯದ ಅಭಾವವಿದೆ ಎಂದರು. ಊಟ ಆಗಲೇ ತಣ್ಣಗಾಗುತ್ತಿತ್ತು.

ಆ ನವೆಂಬರಿನಲ್ಲಿ ಪಂಚಾಯ್ತಿಯವರು ರಸ್ತೆಯ ಕೆಳಗೆ ಪೈಪು ಹಾಕಿ ಗುಡ್ಡದ ಹಳ್ಳ ಬಿಡಿಸಿದರು. ಆ ವರ್ಷ ಮಳೆಯೇ ಸರಿಯಾಗಿ ಆಗಲಿಲ್ಲ, ಕೆರೆ ಅರ್ಧಕ್ಕೂ ಬರಲಿಲ್ಲ. ಹಾಗಾಗಿ ಮಾಡಿದ್ದು ನಾಟಿತೋ ಇಲ್ಲವೋ ತಿಳಿಯಲು 2025ರ ಜನವರಿವರೆಗೆ ಕಾಯಬೇಕಾಯಿತು. ಆಗ ಯೋಜನೆಯ ದೊಡ್ಡ ವರದಿ ಅಚ್ಚಾಗಿ ಬಂದಿತ್ತು. ಸಮಸ್ಯೆ ಬಗೆಹರಿದಿದೆ ಎಂದು ಅದರಲ್ಲಿ ಬರೆದಿದೆ. ಬರೆದವರು ಯಾರೂ ಆ ಜನವರಿಯಲ್ಲಿ ಕೆರೆಗೆ ಬಂದಿರಲಿಲ್ಲ. ಅವರೆಲ್ಲ ಬೇರೆ ಜಿಲ್ಲೆಯ ಬೇರೆ ಕೆರೆಯಲ್ಲಿದ್ದರು.

ಅಡಿವೆವ್ವ ಆ ತಿಂಗಳು ದಿನಾ ಏರಿಗುಂಟ ಅಡ್ಡಾಡಿ ಸತ್ತ ಮೀನು ಎಣಿಸಿದಳು. ಮೊದಲು ಬುಟ್ಟಿಗಟ್ಟಲೆ ಇದ್ದದ್ದು ಈಗ ಹದಿನೆಂಟು. ಊರವರು ಸಾಕು ಅಂದರು. ಕುಬೇರಪ್ಪ ಇದೆಲ್ಲ ತಮ್ಮ ಹೊಂಡಗಳ ಪುಣ್ಯ ಅಂದರು. ಅವಳು ಅಯಾಜನಿಗೆ ಫೋನು ಮಾಡಿಸಿದಳು. ಅವನು ಈಗ ಸವಣೂರಿನಲ್ಲಿ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ಅಂಕಿತಾ ಶಿಗ್ಗಾಂವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

"ಹದಿನೆಂಟು ಯಾಕ ಸತ್ತಾವು?" ಎಂದು ಕೇಳಿದಳು ಅಡಿವೆವ್ವ.

ಇಬ್ಬರೂ ಭಾನುವಾರ ಬಂದರು. ಈ ಸಲ ಹೇಮಾಳೂ ಜೊತೆ ನಡೆದಳು. ಬೀಜಕ್ಕೆಂದು ಎತ್ತಿಡುವ ಶುಂಠಿ ಅದ್ದಲು ಹೊಲದಲ್ಲೇ ಹೊಸ ಔಷಧಿಯ ಟಾಕಿ ಮಾಡಿದ್ದಾರೆ, ಅದನ್ನು ತೊಳೆಯುವುದು ಗುಡ್ಡದ ಹಳ್ಳದ ದಂಡೆಯಲ್ಲೇ ಎಂದು ಅವಳು ತೋರಿಸಿದಳು. ಅಯಾಜ್ ಬಾಟಲಿ ತುಂಬಿಕೊಂಡ. ಮೀನು ಸತ್ತದ್ದು ಅದರಿಂದಲೋ ಅಲ್ಲವೋ ಇನ್ನೂ ಗೊತ್ತಿಲ್ಲ. ಒಂದು ಹೊಸ ನೋಟುಬುಕ್ಕು ಬೇಕಿತ್ತು ಎಂದು ನನ್ನ ಅಂಗಡಿಗೆ ಬಂದಿದ್ದರು, ಇನ್ನೂರು ಪುಟದ್ದು ಕೊಟ್ಟೆ.